ನೆಂಟರಿಲ್ಲದ ಊರಿಗೆ ಸೈಕಲ್ ಸವಾರಿ

ಸೈಕಲ್ ಹೊಡೆಯುವವರಿಗೆ ಪಂಕ್ಚರ್ ಆಗುತ್ತದೆ, ಚೈನು ಕಳಚುತ್ತದೆ, ನಾಯಿ ಬೆನ್ನು ಹತ್ತುತ್ತದೆ. ನಮ್ಮ ಮೂವರಿಗೆ ಇವು ಯಾವುವೂ ಹೆಚ್ಚಾಗಿ ಆಗಿಲ್ಲ. ನಮಗೆ ಆಗುವುದೆಲ್ಲ ಮನುಷ್ಯರಿಂದ, ಅದೂ ಬಹಳ ಪ್ರೀತಿಯ ಮನುಷ್ಯರಿಂದ. ನಾಯಿಯಾದರೆ ಪೆಡಲು ಜೋರಾಗಿ ತುಳಿದು ಪಾರಾಗಬಹುದು. ಪ್ರೀತಿಯವರಿಂದ ಪಾರಾಗಿ ಹೋದವನು ನಮ್ಮ ಕೋಲ್ಹಾಪುರದ ಕಡೆ ಇನ್ನೂ ಹುಟ್ಟಿಲ್ಲ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ನಾನು ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ಮಾರುವ ಅಂಗಡಿಯವನು. ಎರಡನೆಯವರು ನಮ್ಮ ಓಣಿಯ ಮಾಸ್ತರರು. ಗಣಿತ ಕಲಿಸಿ ನಿವೃತ್ತರಾದವರು, ಜೈನರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ, ಹೊತ್ತು ಮೂಡಿದ ಮೇಲೆ ಸುಳ್ಳು ಹೇಳುವುದಿಲ್ಲ. ಮೂರನೆಯವನು ಶಿರೋಳಿಯ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯುವ ವಿಭಾಗದ ಸುಪರ್‌ವೈಸರ್. ಅವನನ್ನು ನಾವು ಫೌಂಡ್ರಿ ಅಂತಲೇ ಕರೆಯುತ್ತೇವೆ, ಅವನ ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆಯುತ್ತಾಳೆ. ರಜೆಯ ದಿನ ಬೆಳಿಗ್ಗೆ ಪಂಚಗಂಗೆಯ ತನಕ ಸೈಕಲ್ ಹೊಡೆದು, ಚಹಾ ಕುಡಿದು, ಬಂದ ದಾರಿಯಲ್ಲೇ ತಿರುಗಿ ಬರುವುದು ನಮ್ಮ ಪದ್ಧತಿ. ಹೋದ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಚಹಾ ಸ್ವಲ್ಪ ಹೆಚ್ಚು ಚಲೋ ಆಗಿತ್ತು ಅಂತ ಕಾಣುತ್ತದೆ. ಕೋಲ್ಹಾಪುರ, ಕಾಗಲ್, ಗಡಹಿಂಗ್ಲಜ ಹಾದು ಚಂದಗಡದ ಗುಡ್ಡದ ತನಕ ಹೋಗುವುದು, ದಾರಿಯಲ್ಲಿ ಟೆಂಟು ಹಾಕಿ ಮಲಗುವುದು ಅಂತ ಅಲ್ಲೇ ಠರಾಯಿಸಿಬಿಟ್ಟೆವು.

ಕರಾರು

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

ನನ್ನ ಹೆಂಡತಿ ಗಡಹಿಂಗ್ಲಜದವಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಅವನಿಗೆ ಗೊತ್ತಿಲ್ಲದಂತೆ ತೆಗೆದುಕೊಂಡು ಹಿರಣ್ಯಕೇಶಿಯ ದಂಡೆಯುದ್ದಕ್ಕೂ ಹೊಡೆದವಳು. ಮದುವೆಯಾದ ಮೇಲೆ ಒಮ್ಮೆಯೂ ಮುಟ್ಟಿಲ್ಲ. ಅವಳನ್ನೂ ಕರೆದುಕೊಂಡು ಒಂದು ಸಲ ದೂರ ಹೋಗಬೇಕು ಅನ್ನುವ ಆಸೆ ನನಗೆ ಬಹಳ ದಿನದ್ದು. ಕೇಳಿದಾಗಲೆಲ್ಲ ನಕ್ಕು ಬಿಟ್ಟುಬಿಡುತ್ತಿದ್ದಳು.

"ಹೋಗ್ರಿ, ಚಲೋ ಆತು. ಮಲಗೂದು ಎಲ್ಲಿ?" ಅಂದಳು.

"ಟೆಂಟಿನಾಗ."

ರೊಟ್ಟಿ ಬಡಿಯುವ ಕೈ ನಿಂತಿತು. "ನಿಮ್ಮನ್ನ ಟೆಂಟಿನಾಗ ಮಲಗಾಕ ಯಾರ್ ಬಿಡತಾರ? ಇಲ್ಲಿಂದ ಚಂದಗಡದ ತನಕ ಊರಿಗೊಬ್ರು ಬೀಗರದಾರ. ಬೀಗರು ಹೊಲದಾಗ ಮಲಗಿದ್ರಂದ್ರ ಮಂದಿ ಏನಂತಾರ?"

"ಯಾರ ಏನರ ಅನ್ಲಿ. ಮಲಗಿ ತೋರಸ್ತೇನಿ."

"ಹಂಗಾದ್ರ ಕೇಳ್ರಿ. ಬರೇ ಒಂದ ರಾತ್ರಿ ಟೆಂಟಿನಾಗ ಮಲಗಿ ಬರ್ರಿ. ನಿಮ್ಮ ಮಾತ ನಂಬೂದಿಲ್ಲ, ಮಾಸ್ತರ್ರು ಹೌದು ಅನ್ಬೇಕು. ಮುಂದಿನ ಸಲ ನಾನೂ ಸೈಕಲ್ ಹತ್ತತೇನಿ."

ನನಗೆ ಆದ ಸಂತೋಷ ಹೇಳಲಾರೆ. ಒಂದು ರಾತ್ರಿ ಬಟ್ಟೆಯ ಕೆಳಗೆ ಮಲಗುವುದು ಎಷ್ಟರ ಮಾತು ಅಂದುಕೊಂಡೆ. ಅವಳು ಮಾತ್ರ ಸೋಲುವ ಭಯ ಒಂದಿಷ್ಟೂ ಇಲ್ಲದವಳ ಹಾಗೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ನಕಾಶೆ

ನಮ್ಮ ಕಡೆ ಗುರುತಿಲ್ಲದವನನ್ನೂ 'ಪಾವ್ಹಣಾ' ಅಂದರೆ ನೆಂಟ ಅಂತಲೇ ಕರೆಯುವುದು. ಮೊದಲ ಪ್ರಶ್ನೆ, ಯಾವೂರು? ಎರಡನೆಯದು, ಯಾರ ಪೈಕಿ? ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟವನು ಮುಗಿದ. ಅವರ ಅತ್ತೆಯ ಊರಿಗೂ ನಮ್ಮ ಚಿಕ್ಕಪ್ಪನ ಬೀಗರಿಗೂ ಎಲ್ಲೋ ಒಂದು ಕಡೆ ಗಂಟು ಬಿದ್ದೇ ಇರುತ್ತದೆ. ಆಮೇಲೆ ಊಟ, ಹಾಸಿಗೆ, ಮರುದಿನದ ನಾಷ್ಟಾ ಯಾವುದೂ ತಪ್ಪುವುದಿಲ್ಲ.

ಆದ್ದರಿಂದ ನೆಂಟರಿಲ್ಲದ ಊರುಗಳನ್ನೇ ಹುಡುಕಿ ದಾರಿ ಹಾಕಬೇಕು ಅಂತ ಮಾಸ್ತರರು ಹೇಳಿದರು. ಜಿಲ್ಲೆಯ ನಕಾಶೆಯನ್ನು ನನ್ನ ಅಂಗಡಿಯ ಕೌಂಟರಿನ ಮೇಲೆ ಹರಡಿ, ಕೆಂಪು ಪೆನ್ಸಿಲ್ ಹಿಡಿದು ಕೂತರು. ನೆಂಟರಿರುವ ಊರಿಗೆಲ್ಲ ಕೆಂಪು ಗೀಟು.

"ಇದು?"

"ಬ್ಯಾಡ್ರಿ, ಅಲ್ಲಿ ನನ್ನ ಸೋದರಮಾವನ ಮಗಾ ಅದಾನ."

"ಇದು?"

"ಅಲ್ಲಿ ನಮ್ಮ ತಂಗಿ ಅದಾಳ," ಅಂದ ಫೌಂಡ್ರಿ.

"ಈ ಸಣ್ಣ ಊರು? ಇದಕ್ಕ ಬಸ್ಸೂ ಇಲ್ಲ."

"ಬಸ್ಸಿಲ್ಲಂತನ ತಂಗಿ ಅಲ್ಲಿಂದ ಆ ಮೊದಲಿನ ಊರಿಗೆ ಬಂದಾಳ್ರಿ. ಆಕಿ ಅತ್ತಿ ಮಾವ ಇನ್ನೂ ಅಲ್ಲೇ ಅದಾರ."

ಮಧ್ಯಾಹ್ನದ ಹೊತ್ತಿಗೆ ನಕಾಶೆ ಪೂರಾ ಕೆಂಪಾಗಿತ್ತು. ಗಿರಾಕಿಯೊಬ್ಬ ಬಂದು ನೋಡಿ, ಇವೆಲ್ಲ ಎಲೆಕ್ಷನ್ನಿನಲ್ಲಿ ಬಿದ್ದ ಊರುಗಳೇ ಅಂತ ಕೇಳಿದ. ಗಡಹಿಂಗ್ಲಜದ ಮೊದಲು ಗೀಟು ಬೀಳದೆ ಉಳಿದದ್ದು ಒಂದೇ ಒಂದು ಚುಕ್ಕೆ. ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಅದು ಒಂದು ಊರಿನ ರುದ್ರಭೂಮಿ.

"ಇಲ್ಲಿ ಮಲಗಾಕ ಅಡ್ಡಿಯಿಲ್ಲ," ಅಂದರು ಮಾಸ್ತರರು. "ಇಲ್ಲಿ ಯಾರೂ ಕರಿಯೂದಿಲ್ಲ."

ಫೌಂಡ್ರಿ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. "ಇದೂ ಬ್ಯಾಡ್ರಿ. ಇಲ್ಲಿ ನಮ್ಮ ಅಜ್ಜಾ ಅದಾನ."

ಹಂದರ

ಟೆಂಟು ತಂದದ್ದು ಕೋಲ್ಹಾಪುರದಿಂದ. ಕೇಸರಿ ಮತ್ತು ಹಳದಿ ಬಣ್ಣದ್ದು, ನೋಡಲಿಕ್ಕೆ ಬಹಳ ಚಂದ. ಹಾಕುವುದು ಹೇಗೆ ಅಂತ ಕಲಿಯಲು ಒಂದು ರವಿವಾರ ಮನೆಯ ಮುಂದೆಯೇ ಹಾಕಿದೆವು. ಮಾಸ್ತರರು ಕೋನ ಅಳೆದರು, ನಾನು ಹಗ್ಗ ಜಗ್ಗಿದೆ, ಟೆಂಟು ಒಂದು ಮಗ್ಗುಲಿಗೆ ಕುಸಿದು ಕೂತಿತು.

ಹತ್ತು ನಿಮಿಷದಲ್ಲಿ ಎದುರುಮನೆಯ ಕಾಕು ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಬಂದಳು. "ಮಗಳ ಲಗ್ನ ಗೊತ್ತಾತಂತ. ನಮಗ ಒಂದ ಮಾತ ಹೇಳಲಿಲ್ಲಲ್ರೀ," ಅಂತ ನನ್ನ ಹೆಂಡತಿಯ ಮೇಲೆ ಸಿಟ್ಟು ಮಾಡಿದಳು. ನಮಗೆ ಮಗಳೇ ಇಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಮನೆಯ ಮುಂದೆ ಬಣ್ಣದ ಬಟ್ಟೆ ಎದ್ದಿತೆಂದರೆ ಲಗ್ನ, ಬಾಕಿಯದನ್ನು ಆಮೇಲೆ ಕೇಳಿದರಾಯಿತು ಅನ್ನುವವರ ಪೈಕಿ ಅವಳು.

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ನಮ್ಮ ಓಣಿಯಲ್ಲಿ ಲಗ್ನದ ಹಂದರ ಹಾಕುವವನು ಬಂದ. ಅವನ ಮುಖ ನೋಡಿದರೆ ಅಳುವ ಹಾಗಿತ್ತು. "ನಿಮ್ಮ ತಮ್ಮನ ಲಗ್ನಕ್ಕ ಹಂದರಾ ಹಾಕಿದಾಂವ ನಾನು. ನಿಮ್ಮ ಅಂಗಡಿ ಪೂಜಿಗೆ ಹಾಕಿದಾಂವ ನಾನು. ಇವತ್ತ ಹೊರಗಿನವರನ್ನ ಕರಸಿದ್ರಿ? ಅದೂ ಇಂಥಾ ಹಂದರಾ ಹಾಕವ್ರನ್ನ?"

"ಇದು ಹಂದರಲ್ಲೋ ಮಾರಾಯಾ. ಇದು ಮಲಗಾಕ."

ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಗ್ಗಿ ಒಳಗೆ ನೋಡಿದ. ಸಿಟ್ಟೆಲ್ಲ ಇಳಿದುಹೋಯಿತು, ಕರುಣೆ ಬಂತು. ಹೋಗಿ ಬಿದಿರು, ಹಗ್ಗ, ಏಣಿ ತಂದ. ಅರ್ಧ ತಾಸಿನಲ್ಲಿ ನಾಲ್ಕು ಬಿದಿರು ನಿಲ್ಲಿಸಿ, ನಮ್ಮ ಟೆಂಟನ್ನು ಮೇಲಿನಿಂದ ಎತ್ತಿ ಕಟ್ಟಿ, ಸುತ್ತಲೂ ಕೆಂಪು ಝಾಲರು ಹಚ್ಚಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಚಂದ ಕಾಣುತ್ತಿತ್ತು.

ಸಂಜೆಗೆ ಮತ್ತೆ ನಾಲ್ಕು ಮನೆಯವರು ಅಡುಗೆಯವರು ಯಾರು ಅಂತ ಕೇಳಿಕೊಂಡು ಹೋದರು.

ಗೂಟ

ಟೆಂಟಿನ ಜೊತೆ ಬಂದ ಗೂಟಗಳನ್ನು ಫೌಂಡ್ರಿ ಎರಡು ಬೆರಳಲ್ಲಿ ಹಿಡಿದು ನೋಡಿದ. ಅಲ್ಯೂಮಿನಿಯಂ. ಹಲ್ಲು ಚುಚ್ಚುವ ಕಡ್ಡಿ ನೋಡಿದ ಹಾಗೆ ನೋಡಿದ.

"ಇವಕ್ಕ ಗೂಟ ಅಂತಾರ? ಬಿಡ್ರಿ, ನಾ ತರತೇನಿ," ಅಂದ.

ಶಿರೋಳಿಯವರಿಗೆ ಲೋಕದಲ್ಲಿ ಏನು ಬೇಕಾದರೂ ಎರಕ ಹೊಯ್ದರಾಯಿತು ಅನ್ನುವ ನಂಬಿಕೆ. ಅದಕ್ಕೆಂದೇ ಮರದ ಅಚ್ಚು ಮಾಡಿಸಿ, ಮಾಲೀಕರನ್ನು ಕೇಳಿಯೇ ಉಳಿದ ಕಬ್ಬಿಣದಲ್ಲಿ ಗೂಟ ಹೊಯ್ಯಿಸಿ ತಂದ. ಒಂದೊಂದು ನನ್ನ ಮುಂಗೈಯಷ್ಟು ದಪ್ಪ. ತುದಿ ನುಣುಪಾಗಿ ತಿಕ್ಕಿತ್ತು, ತಲೆಗೆ ಹಗ್ಗ ಜಾರದಂತೆ ಬಳೆ ಇತ್ತು. ಗೂಟದ ಚೀಲವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದಾಗ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು.

ಅತ್ತ ಮಾಸ್ತರರು ಭಾರ ಕಡಿಮೆ ಮಾಡಬೇಕೆಂದು ತಮ್ಮ ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಕೊಯ್ದುಕೊಂಡು ಬಂದಿದ್ದರು. ಗೂಟದ ಚೀಲ ಎತ್ತಿ ನೋಡಿದರು. ಕೈಯಲ್ಲಿದ್ದ ತುಂಡು ಬ್ರಷ್ ನೋಡಿದರು.

"ಇಷ್ಟ ಯಾಕ ದಪ್ಪ ಮಾಡ್ಸಿದ್ಯೋ?"

"ಗಾಳಿ ಬಂದ್ರ ಟೆಂಟ್ ಹಾರಿ ಹೋಗಬಾರದಲ್ರೀ ಸರ್."

"ಟೆಂಟ್ ಹಾರೂದಿಲ್ಲಪಾ," ಅಂದರು ಮಾಸ್ತರರು. "ಅದು ಊರ ಬಿಟ್ಟ ಹೋಗೂದ ಕಠಿಣ ಐತಿ."

ಟಪಾಲು

ಹೊರಡುವ ಹಿಂದಿನ ದಿನ ಸಾಮಾನು ಕಟ್ಟಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಇವು ಹೇಗೂ ಬೇಕು. ಆಮೇಲೆ ಹೆಂಡತಿ ಒಳಗಿನಿಂದ ಮಿಕ್ಸರಿನ ದೊಡ್ಡ ಭಾಂಡೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಳು.

"ಇದ್ಯಾಕ?"

"ಹೆಂಗೂ ಗಡಹಿಂಗ್ಲಜದ ಮ್ಯಾಲಿಂದ ಹೊಂಟೀರಿ. ಅಕ್ಕಂದು. ಅಲಗು ಕೂಡ್ರಿಸಿ ಇಟ್ಟೇನಿ. ಕೊಟ್ಟ ಹೋಗ್ರಿ."

"ನಾವು ಅಕ್ಕನ ಮನೀಗೆ ಹೋಗೂದ ಇಲ್ಲ. ನದಿ ದಂಡಿಮ್ಯಾಲ ಟೆಂಟ್ ಹಾಕಾವ್ರು."

"ನಾ ಎಲ್ಲಿ ಮಲಗ್ರಿ ಅಂದೆ? ಬಾಗಲದಾಗ ನಿಂತು ಕೊಟ್ಟು ಹೋಗ್ರಿ."

ಅದನ್ನು ನೋಡಿ ಎದುರುಮನೆಯ ಕಾಕು ಕಾಗಲ್‌ನ ತಂಗಿಗೆ ಹಪ್ಪಳದ ಡಬ್ಬಿ ತಂದಳು. ಹಂದರದವನು ಗಡಹಿಂಗ್ಲಜದ ಬೀಗರಿಗೆ ಒಂದು ಗಡಿಯಾರ ತಂದ, ಗೋಡೆಯದು. ಬೆಳಿಗ್ಗೆ ನಮ್ಮ ಸೈಕಲ್ಲುಗಳು ಓಣಿ ದಾಟುವಾಗ ಮಿಕ್ಸರಿನ ಭಾಂಡೆ ಕಬ್ಬಿಣದ ಗೂಟಕ್ಕೆ ಬಡಿದು ಗಂಟೆ ಹೊಡೆದ ಹಾಗೆ ಸದ್ದು ಮಾಡುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕ ಆ ಸದ್ದು ಕೇಳಿ ನಮ್ಮನ್ನು ತಡೆದು, ಹಳೆಯ ಭಾಂಡೆ ತಗೊಂಡು ಹೊಸದು ಕೊಡುತ್ತೀರೇನು ಅಂತ ಕೇಳಿದ.

ಹೊಗೆ

ಮೊದಲ ದಿನ ಕಾಗಲ್ ದಾಟಿ, ಹಪ್ಪಳದ ಡಬ್ಬಿಯನ್ನು ಬಾಗಿಲಲ್ಲೇ ಕೊಟ್ಟು ಓಡಿಬಂದು, ಕಾಲುವೆಯ ಪಕ್ಕ ಒಂದು ಖಾಲಿ ಜಾಗದಲ್ಲಿ ಇಳಿದೆವು. ಸುತ್ತ ಆಳೆತ್ತರದ ಕಬ್ಬು. ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ. ಮಾಸ್ತರರು ಹೊತ್ತು ಮುಳುಗುವ ಮೊದಲು ಉಣ್ಣಬೇಕಾದ್ದರಿಂದ, ಟೆಂಟು ಆಮೇಲೆ ಹಾಕಿದರಾಯಿತು ಅಂತ ಮೊದಲು ಖಿಚಡಿಗೆ ಇಟ್ಟೆವು. ಒಲೆ ಹೊತ್ತಿಸುವ ಜವಾಬ್ದಾರಿ ಫೌಂಡ್ರಿಯದು. ಬೆಂಕಿಯ ವಿಷಯದಲ್ಲಿ ಅವನಿಗೆ ಸಣ್ಣದು ಅನ್ನುವುದೇ ಗೊತ್ತಿಲ್ಲ. ಬಿದ್ದಿದ್ದ ಕಬ್ಬಿನ ರವದಿಯನ್ನೆಲ್ಲ, ಅಂದರೆ ಒಣಗಿದ ಗರಿಯನ್ನೆಲ್ಲ, ಗುಡ್ಡೆ ಹಾಕಿ ಕಡ್ಡಿ ಗೀರಿದ.

ಹೊಗೆ ಕಬ್ಬಿನ ಮೇಲೆ ಎದ್ದು ಆಕಾಶಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ನಾಲ್ಕೂ ಕಡೆಯಿಂದ ಕೂಗು. ಕಬ್ಬಿಗೆ ಬೆಂಕಿ ಬಿತ್ತು ಅಂತ ಜನ ಕೊಡ, ಬಕೆಟ್ಟು, ಹಸಿ ಟೊಂಗೆ ಹಿಡಿದು ಓಡಿಬಂದರು. ಮೊದಲು ಬಂದವನು ಒಲೆಯ ಮೇಲೆ, ಖಿಚಡಿಯ ಮೇಲೆ, ಫೌಂಡ್ರಿಯ ಮೇಲೆ ಒಂದೇ ಸಲಕ್ಕೆ ಕೊಡ ಸುರುವಿದ. ಬೈಯಲು ಬಾಯಿ ತೆಗೆದವನು ಮಾಸ್ತರರನ್ನು ನೋಡಿ ಕೊಡ ಕೆಳಗಿಟ್ಟು ಕಾಲಿಗೆ ಬಿದ್ದ.

"ಸರ್, ನೀವ? ನನ್ನ ಗುರ್ತ ಹತ್ತಲಿಲ್ರಿ? ಗಣಿತದಾಗ ನಾಪಾಸ್ ಮಾಡಿದ್ರಿ."

ಮಾಸ್ತರರ ಮುಖ ಸಣ್ಣದಾಯಿತು. ಹಾಗೆ ಅವರು ಬಹಳ ಜನರನ್ನು ಮಾಡಿದ್ದಾರೆ.

ನೆಂಟರಿಲ್ಲದ ಜಾಗ ನೋಡಿ ಇಳಿದಿದ್ದೆವು, ಮಾಸ್ತರರ ವಿದ್ಯಾರ್ಥಿಗಳ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಗುರುಗಳು ಕಾಲುವೆ ದಂಡೆಯಲ್ಲಿ ಮಲಗಿದರೆ ನಾನು ಮನುಷ್ಯನೇ ಅಂತ ಅವನು ಸೈಕಲ್ಲುಗಳನ್ನು ಟ್ರ್ಯಾಕ್ಟರಿಗೆ ಹಾಕಿಸಿಬಿಟ್ಟ. ಹೊತ್ತು ಮುಳುಗುವುದರೊಳಗೆ ಅವನ ಮನೆಯಲ್ಲಿ ಬಿಸಿ ಊಟವಾಯಿತು. ದೊಡ್ಡ ಮನೆ, ಹಿಂದೆ ಅವನದೇ ಬೆಲ್ಲದ ಗಾಣ.

"ನೀವು ನಾಪಾಸ್ ಮಾಡಿದ್ದು ಭಾಳ ಉಪಕಾರ ಆತ್ರಿ ಸರ್. ಸಾಲಿ ಬಿಟ್ಟು ಹೊಲಾ ಹಿಡದ್ನಿ. ಇವತ್ತ ಸುಖದಾಗ ಅದೀನಿ."

ಮಾಸ್ತರರಿಗೆ ಸ್ವಲ್ಪ ಜೀವ ಬಂತು. "ನಿನ್ನ ವರ್ಗದಾಗ ಒಬ್ಬ ಭಾಳ ಶಾಣ್ಯಾ ಹುಡುಗ ಇದ್ದಾ ನೋಡು. ಲೆಕ್ಕದಾಗ ನೂರಕ್ಕ ನೂರು. ಅಂವಾ ಈಗ ಎಲ್ಲದಾನ?"

"ಇಲ್ಲೇ ಅದಾನ್ರಿ. ನಮ್ಮ ಗಾಣದಾಗ ಲೆಕ್ಕಾ ಬರೀತಾನ."

ಎಮ್ಮೆ

ಮೊದಲ ರಾತ್ರಿ ಹೋಯಿತು. ಬೆಳಿಗ್ಗೆ ಸೈಕಲ್ಲಿಗೆ ಒಂದು ಬೆಲ್ಲದ ಪೆಂಟಿ, ಅಂದರೆ ದೊಡ್ಡ ಉಂಡೆ, ಹೆಚ್ಚಾಯಿತು. ಎರಡನೆಯ ದಿನ ಗಡಹಿಂಗ್ಲಜ. ಗಡಿಯಾರವನ್ನು ಹಂದರದವನ ಬೀಗರಿಗೆ ಮುಟ್ಟಿಸಿ ಸುಲಭವಾಗಿ ಪಾರಾಗಿ ಬಂದಿದ್ದೆವು, ಅದೇ ಧೈರ್ಯದ ಮೇಲೆ ಯೋಜನೆ ಗಟ್ಟಿ ಮಾಡಿದ್ದೆವು. ನಾನೊಬ್ಬನೇ ಬಾಗಿಲಲ್ಲಿ ನಿಂತು ಭಾಂಡೆ ಕೊಡುವುದು, ಉಳಿದಿಬ್ಬರು ಸೈಕಲ್ ಇಳಿಯುವುದೇ ಇಲ್ಲ.

ಬಾಗಿಲಿಗೆ ಹೋದರೆ ಹೆಂಡತಿಯ ಅಕ್ಕ ಮೂರು ಚೊಂಬು ನೀರು ಹಿಡಿದು ನಿಂತಿದ್ದಳು. "ನಿನ್ನೀನ ತಂಗೀ ಫೋನ್ ಬಂದೈತಿ," ಅಂದಳು. "ನದಿ ದಂಡಿಗೆ ಹೊಂಟೇವಿ ಅಂತ ಹೇಳತಾರ, ಕೇಳಬ್ಯಾಡ ಅಂದಾಳ."

ಅಡುಗೆಮನೆಯಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ನಾನು ಹಿಂದೆ ತಿರುಗಿ ನೋಡಿದೆ. ಫೌಂಡ್ರಿ ಆಗಲೇ ಕಾಲು ತೊಳೆಯುತ್ತಿದ್ದ.

ನನ್ನ ಸಡ್ಡಕ, ಅಂದರೆ ಅಕ್ಕನ ಗಂಡ, ಸಾಮಾನು ಇಳಿಸುವಾಗ ಗೂಟದ ಚೀಲ ಎತ್ತಿ ಬೆಚ್ಚಿದ. ಒಂದು ಗೂಟ ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಅವನಲ್ಲಿ ಒಂದು ಎಮ್ಮೆ ಇದೆ. ಕಟ್ಟಿದ ಗೂಟ ಕೀಳುವುದು, ಊರು ತಿರುಗುವುದು, ಪೇಟೆಯಲ್ಲಿ ಯಾರದಾದರೂ ಕೊತ್ತಂಬರಿ ತಿಂದು ಜಗಳ ತರುವುದು ಅದರ ದಿನದ ಕೆಲಸ. ಮರದ ಗೂಟ, ಕೊಳವೆ, ರೈಲಿನ ಹಳಿಯ ತುಂಡು ಯಾವುದೂ ಅದರ ಮುಂದೆ ನಿಂತಿರಲಿಲ್ಲ.

"ಒಂದ ಬಡದ ನೋಡೂಣಲ್ಲ," ಅಂದ ಸಡ್ಡಕ.

ಬಡಿದು, ಎಮ್ಮೆ ಕಟ್ಟಿದರು. ಎಮ್ಮೆ ಒಮ್ಮೆ ಜಗ್ಗಿತು. ನಿಂತು ಯೋಚನೆ ಮಾಡಿತು. ಮೈಭಾರ ಪೂರಾ ಹಾಕಿ ಜಗ್ಗಿತು. ಗೂಟ ಅಲ್ಲಾಡಲಿಲ್ಲ. ಆಮೇಲೆ ಎಮ್ಮೆ ಮೊದಲ ಸಲ ತಾನಾಗಿ ಕೂತಿತಂತೆ. ಸಡ್ಡಕ ಫೌಂಡ್ರಿಯನ್ನು ತಬ್ಬಿಕೊಂಡ. ಅಕ್ಕಪಕ್ಕದವರೂ ನೋಡಲು ಬಂದರು, ನಮ್ಮಲ್ಲೂ ಎಮ್ಮೆ ಇದೆ, ನಮ್ಮಲ್ಲೂ ಹೋರಿ ಇದೆ ಅಂತ ಒಂದೊಂದೇ ಗೂಟ ಕೇಳಿ ಒಯ್ದರು. ಫೌಂಡ್ರಿ ಕಣ್ಣು ತುಂಬಿಕೊಂಡು ಹಂಚಿದ. ಅವನು ಜೀವಮಾನವೆಲ್ಲ ಪಂಪಿನ ಭಾಗ ಹೊಯ್ಯಿಸಿದವನು, ಅವು ಎಲ್ಲಿಗೆ ಹೋದವು ಏನಾದವು ಅಂತ ಕಂಡವನಲ್ಲ.

"ಟೆಂಟಿಗೆ ಏನ್ ಮಾಡೂದೋ?" ಅಂತ ನಾನು ಕೇಳಿದೆ.

"ಟೆಂಟಿಂದ ಇರ್ಲಿ ಬಿಡ್ರಿ. ಎಮ್ಮಿ ನೋಡ್ರಿ, ಹೆಂಗ ಕುಂತೈತಿ."

ಬೆಳಿಗ್ಗೆ ಎದ್ದು ನೋಡಿದರೆ ಎಮ್ಮೆ ಕಟ್ಟಿದಲ್ಲೇ ಇತ್ತು. ನಾವೂ ಕಟ್ಟಿದಲ್ಲೇ ಇದ್ದೆವು.

ಮುಂಬೈ

ಇನ್ನು ಉಳಿದದ್ದು ಒಂದೇ ರಾತ್ರಿ. ಮರುದಿನ ಚಂದಗಡದಿಂದ ಸೈಕಲ್ಲುಗಳನ್ನು ಟೆಂಪೋಕ್ಕೆ ಹಾಕಿ ಊರಿಗೆ ಹೊರಡುವುದು ಅಂತ ಮೊದಲೇ ಗೊತ್ತಾಗಿತ್ತು. ಗುಡ್ಡ ಏರುವಾಗ ನನ್ನ ಕಣ್ಣ ಮುಂದೆ ಹೆಂಡತಿ ಸೈಕಲ್ ಹತ್ತಿದ ಚಿತ್ರವೇ ಬರುತ್ತಿತ್ತು, ಆಮೇಲೆ ಅವಳು ನಕ್ಕು ಒಳಗೆ ಹೋಗುವ ಚಿತ್ರ. ಈ ಸಲ ಯಾರೇ ಬರಲಿ, ಟೆಂಟು ಬಿಟ್ಟು ಏಳುವುದಿಲ್ಲ ಅಂತ ಮೂವರೂ ಆಣೆ ಮಾಡಿದೆವು. ಊರು ಯಾವುದು ಅಂತ ಕೇಳಿದರೆ ಮುಂಬೈ ಅನ್ನುವುದು, ಅಷ್ಟು ದೂರದವರಿಗೆ ಇಲ್ಲಿ ನೆಂಟರೆಲ್ಲಿ ಅಂತ ಫೌಂಡ್ರಿ ಉಪಾಯ ಹೇಳಿದ. ಮಾಸ್ತರರು ಮಾತ್ರ, ನಾನು ಸುಳ್ಳು ಹೇಳುವುದಿಲ್ಲ, ಬಾಯಿ ಮುಚ್ಚಿಕೊಂಡಿರುತ್ತೇನೆ ಅಂದರು.

ಭತ್ತ ಕೊಯ್ದ ಗದ್ದೆಯ ಅಂಚಿನಲ್ಲಿ, ಒಂದು ಹಳ್ಳಿಯಿಂದ ಸ್ವಲ್ಪ ದೂರ, ಬಿಸಿಲಿರುವಾಗಲೇ ಟೆಂಟು ಹಾಕಿದೆವು. ಅಲ್ಯೂಮಿನಿಯಂ ಗೂಟ ಮನೆಯಲ್ಲೇ ಉಳಿದಿದ್ದವು, ಎರಕದವು ಎಮ್ಮೆಗಳಿಗೆ ಹೋಗಿದ್ದವು, ಆದ್ದರಿಂದ ಮೂರು ಮೂಲೆಗೆ ಮೂರು ಸೈಕಲ್ಲು, ನಾಲ್ಕನೆಯ ಮೂಲೆಗೆ ಬೆಲ್ಲದ ಪೆಂಟಿ ಕಟ್ಟಿದೆವು. ಮಾಸ್ತರರು ರೊಟ್ಟಿ ಚಟ್ನಿ ಉಂಡು ಕೈ ತೊಳೆದರು. ಗಾಳಿ ತಣ್ಣಗೆ ಬೀಸುತ್ತಿತ್ತು. ನಾನು ಟೆಂಟಿನೊಳಗೆ ಕಾಲು ಚಾಚಿ ನೋಡಿದೆ, ಎಂಥಾ ಸುಖ ಅನ್ನಿಸಿತು.

ಆಗಲೇ ಹೊರಗೆ ದನಿ ಕೇಳಿತು. "ಕಾಯ್ ಪಾವ್ಹಣಂ, ಕುಠಲಂ ಗಾವ್?" ಚಂದಗಡದ ಕಡೆ ಮಾತೆಲ್ಲ ಮರಾಠಿ; ಏನು ನೆಂಟರೇ, ಯಾವೂರು ಅಂತ ಕೇಳಿದ್ದು.

ಗದ್ದೆಯ ಯಜಮಾನ. ಮಧ್ಯವಯಸ್ಸಿನವನು, ನಗುಮುಖದವನು.

"ಮುಂಬೈ," ಅಂದ ಫೌಂಡ್ರಿ.

ಅವನ ಮುಖ ಅರಳಿದ್ದು ನೋಡಿ ನಾವು ಕೆಟ್ಟೆವು ಅಂತ ತಿಳಿಯಿತು. ಆ ಕಡೆಯ ಹಳ್ಳಿಗಳಲ್ಲಿ ಮನೆಗೊಬ್ಬರು ಮುಂಬೈಯಲ್ಲಿ ಕೆಲಸಕ್ಕಿರುತ್ತಾರೆ ಅನ್ನುವುದು ಇಡೀ ಜಿಲ್ಲೆಗೆ ಗೊತ್ತು. ನಮಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ.

"ಮುಂಬೈಯಲ್ಲಿ ಎಲ್ಲಿ?" ಅಂತ ಮರಾಠಿಯಲ್ಲೇ ಕೇಳಿದ.

"ದಾದರ್."

"ನನ್ನ ತಮ್ಮನೂ ದಾದರಿನಲ್ಲೇ ಇದ್ದಾನೆ," ಅಂತ ಫೋನು ತೆಗೆದು ತಮ್ಮನಿಗೆ ಹಚ್ಚಿ, ಫೌಂಡ್ರಿಯ ಮುಖದ ಮುಂದೆ ಹಿಡಿದೇಬಿಟ್ಟ. ಫೋನಿನಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡು, ದಾದರಿನಲ್ಲಿ ಎಲ್ಲಿ ಅಂತ ಕೇಳಿದ. ಸ್ಟೇಶನ್ನಿನ ಹತ್ತಿರ ಅಂದ ಫೌಂಡ್ರಿ. ಸ್ಟೇಶನ್ನಿನ ಪೂರ್ವಕ್ಕೋ ಪಶ್ಚಿಮಕ್ಕೋ ಅಂತ ಅವನು ಕೇಳಿದ.

ಫೌಂಡ್ರಿ ಬೆವರು ಒರೆಸಿಕೊಂಡು ಹೇಳಿದ, "ಮಧೇಚ್."

ನಟ್ಟನಡುವೆ. ಅಂದರೆ ಹಳಿಯ ಮೇಲೆ.

ತಡೆದುಕೊಳ್ಳಲಾರದೆ ಮಾಸ್ತರರು ನನ್ನ ಕಡೆ ತಿರುಗಿ, "ನೋಡಿದ್ಯೇನೋ, ಸುಳ್ಳ ಹೇಳಾಕೂ ಅಭ್ಯಾಸ ಬೇಕು," ಅಂದುಬಿಟ್ಟರು. ಕನ್ನಡದಲ್ಲಿ.

"ಯವ್ವಾ," ಅಂತ ಹಿಂದಿನಿಂದ ಒಂದು ದನಿ ಬಂತು. "ಕನ್ನಡಾ ಮಾತಾಡಾಕತ್ತೀರಿ?"

ಯಜಮಾನನ ತಾಯಿ. ಹಿತ್ತಾಳೆಯ ತಂಬಿಗೆಯಲ್ಲಿ ನಮಗೆ ಹಾಲು ತಂದು ಬದುವಿನ ಮೇಲೆ ನಿಂತಿದ್ದಳು. ಸಣ್ಣ ಅಜ್ಜಿ, ಮುಖ ತುಂಬ ಗೆರೆ.

"ನನ್ನ ತವರುಮನಿ ಸಂಕೇಶ್ವರದ ಹತ್ರ. ಇಲ್ಲಿ ಕೊಟ್ಟ ಮ್ಯಾಲ ಕನ್ನಡಾ ಮಾತಾಡಾಕ ಯಾರೂ ಇಲ್ಲ. ಮಕ್ಕಳಿಗೆ ಬರೂದಿಲ್ಲ, ಸೊಸಿಗೆ ಬರೂದಿಲ್ಲ. ಎಮ್ಮಿ ಜೋಡಿ ಅಷ್ಟ ಮಾತಾಡತೇನಿ. ಅದಕ್ಕ ಬರತೈತಿ," ಅಂದಳು. ಆಮೇಲೆ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. "ತವರಿನ ಮಂದಿ ಬಯಲಾಗ ಮಲಗತೀರಿ? ಏಳ್ರಿ, ಮನೀಗೆ ನಡೀರಿ."

ನೆಂಟರಿಲ್ಲ, ವಿದ್ಯಾರ್ಥಿಗಳಿಲ್ಲ, ಯಾರ ಪೈಕಿ ಅಂತ ಯಾರೂ ಕೇಳಿಯೂ ಇಲ್ಲ. ಆದರೂ ಸಿಕ್ಕಿಬಿದ್ದೆವು. ನನಗೆ ಅಳು ಬರುವುದೊಂದು ಬಾಕಿ. ಅಜ್ಜಿಯ ಮುಂದೆ ಕೂತು, ಹೆಂಡತಿಯ ಕರಾರು, ಅವಳು ಸೈಕಲ್ ಹತ್ತುವ ಮಾತು, ಎರಡು ರಾತ್ರಿ ಹೋದ ರೀತಿ ಎಲ್ಲ ಹೇಳಿದೆ. ಇದೊಂದು ರಾತ್ರಿ ಇಲ್ಲೇ ಬಿಟ್ಟುಬಿಡು ತಾಯಿ ಅಂತ ಕೈ ಮುಗಿದೆ. ಅಜ್ಜಿ ಗಮನವಿಟ್ಟು ಕೇಳಿದಳು.

"ನಿನ್ನ ಹೇಣ್ತಿ ಶಾಣ್ಯಾಕಿ ಅದಾಳ," ಅಂದಳು. "ಆತು ತಗೋ. ಅಂಥಾದ್ದೇನೈತಿ ಅದ್ರಾಗ, ನೋಡೂಣ." ತಂಬಿಗೆಯನ್ನು ಮಗನ ಕೈಗೆ ಕೊಟ್ಟು, ಬಗ್ಗಿ, ಟೆಂಟಿನೊಳಗೆ ಹೋದಳು.

"ಸೊಳ್ಳಿ ಬರಂಗಿಲ್ಲಲಾ ಇಲ್ಲೆ," ಅಂತ ಒಳಗಿನಿಂದ ದನಿ ಬಂತು. "ಹಾಸಗೀನೂ ಮೆತ್ತಗ ಐತಿ." ಮತ್ತೆ ಸ್ವಲ್ಪ ಹೊತ್ತಿಗೆ, "ಆ ಬಾಗಲಾ ಹಾಕ್ರಿ, ಥಂಡಿ ಬರಾಕತ್ತೈತಿ."

ಮಾಸ್ತರರು ಜಿಪ್ಪು ಎಳೆದರು.

"ಅಲ್ಲೇ ಕುಂಡ್ರಿ. ಏನರ ಮಾತಾಡ್ರಿ. ಕೇಳ್ಕೋಂತ ಅಡ್ಡ ಆಗತೇನಿ."

ಮೂವರು ಗಂಡಸರು ನಮ್ಮದೇ ಟೆಂಟಿನ ಹೊರಗೆ ಸಾಲಾಗಿ ಕೂತು ಕನ್ನಡ ಮಾತಾಡಿದೆವು. ನಾನು ಮಗ್ಗದ ವಿಷಯ ಹೇಳಿದೆ. ಫೌಂಡ್ರಿ ಗಡಹಿಂಗ್ಲಜದ ಎಮ್ಮೆಯ ಕತೆ ಹೇಳಿದಾಗ ಒಳಗೆ ಅಜ್ಜಿ ನಕ್ಕಳು. ಮಾಸ್ತರರಿಗೆ ಕತೆ ಬಾರದು, ಅವರು ಬಡ್ಡಿಯ ಲೆಕ್ಕ ಶುರು ಮಾಡಿದರು. ಅದು ಮುಗಿಯುವ ಮೊದಲೇ ಒಳಗಿನಿಂದ ಸಣ್ಣಗೆ ಗೊರಕೆ ಕೇಳಿತು. ಮಗ ಕಿವಿಗೊಟ್ಟು ಕೇಳಿ, ಆಯಿ ನಿದ್ದೆ ಹೋದಳು ಅಂತ ಆಶ್ಚರ್ಯದಿಂದ ಪಿಸುಗುಟ್ಟಿದ. ಅವಳಿಗೆ ನಿದ್ದೆ ಹತ್ತುವುದೇ ಅಪರೂಪವಂತೆ. ಎಬ್ಬಿಸುವ ಮಾತು ಯಾರೂ ಆಡಲಿಲ್ಲ, ನಾನೂ ಆಡಲಿಲ್ಲ. ತಾಯಿಯ ಕಾವಲಿಗೆ ಅವನು ಅಲ್ಲೇ ಕಂಬಳಿ ಹಾಸಿಕೊಂಡ, ನಮ್ಮನ್ನು ಮನೆಗೆ ಕಳಿಸಿ ಅಜ್ಜಿಯ ಮಂಚ ತೋರಿಸಲು ತನ್ನ ಹೆಂಡತಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದ.

ಬೆಳಿಗ್ಗೆ ಅಜ್ಜಿ ಹೊರಗೆ ಬಂದು ಮೈ ಮುರಿದಳು. "ತವರುಮನ್ಯಾಗ ಮಲಗಿದಂಗಾತು," ಅಂದಳು. ಆಮೇಲೆ ಟೆಂಟಿನ ಬಟ್ಟೆಯನ್ನು ಕೈಯಿಂದ ಸವರುತ್ತ, "ಇದನ್ನ ಇಲ್ಲೇ ಬಿಟ್ಟ ಹೋಗ್ರಿ. ಬರೂ ವರ್ಷ ಬಂದಾಗ ನೋಡೂಣ," ಅಂದಳು.

ಬಿಟ್ಟು ಬಂದೆವು.

ಸಾಕ್ಷಿ

ಇಚಲಕರಂಜಿಗೆ ಬಂದಾಗ ಇನ್ನೂ ಬೆಳಕಿತ್ತು. ಹೆಂಡತಿ ಬಾಗಿಲಲ್ಲೇ ಸಾಮಾನು ಬಿಚ್ಚಿ ನೋಡಿದಳು. ಬೆಲ್ಲದ ಪೆಂಟಿ, ಚಂದಗಡದ ಅಕ್ಕಿ, ಗೋಡಂಬಿ. ಅದರಡಿಯಲ್ಲಿ ಅಕ್ಕ ರಿಪೇರಿಗೆ ಕಳಿಸಿದ ಕುಕ್ಕರಿನ ಮುಚ್ಚಳ. ಟೆಂಟಿಲ್ಲ, ಗೂಟವಿಲ್ಲ. ಅವಳು ನನ್ನನ್ನು ಏನೂ ಕೇಳಲಿಲ್ಲ. ನೇರ ಮಾಸ್ತರರ ಕಡೆ ತಿರುಗಿದಳು.

"ನೀವ ಹೇಳ್ರಿ, ಮಾಸ್ತರ್ರ. ಟೆಂಟ್ ಹಾಕಿದ್ರೇನು?"

"ಹಾಕಿದ್ವಿ. ಖರೇ."

"ರಾತ್ರಿ ಅದ್ರಾಗ ಮಲಗಿದ್ದು?"

ಮಾಸ್ತರರು ನನ್ನ ಮುಖ ನೋಡಿದರು. ಗೆಳೆಯನಿಗಾಗಿ ಎಷ್ಟು ಸಾಧ್ಯವೋ ಅಷ್ಟು ಮಾಡಿದರು. "ಮಲಗಿದ್ದೂ ಖರೇನ. ಬೆಳಗಾಗೂತನಕ."

ನನ್ನ ಎದೆ ಅರಳಿತು. ಆದರೆ ಅವಳು ಗಡಹಿಂಗ್ಲಜದವಳು.

"ಯಾರು?"

ಮಾಸ್ತರರು ಒಮ್ಮೆ ಆಕಾಶ ನೋಡಿದರು. "ಒಬ್ಬಾಕಿ ಅಜ್ಜಿ," ಅಂದರು.

ಅವಳು ಕಟ್ಟೆಯ ಮೇಲೆ ಕೂತು ನಕ್ಕದ್ದು ನಕ್ಕದ್ದೇ. ಎದುರುಮನೆಯ ಕಾಕು, ಲಗ್ನ ಮತ್ತೆ ಗೊತ್ತಾಯಿತೇ ಅಂತ ಹೊರಗೆ ಬಂದು ನೋಡಿದಳು. ನಾನು ಅಜ್ಜಿಯ ಸಂಗತಿ ಮೊದಲಿನಿಂದ ಹೇಳಿದೆ. ತವರು, ಎಮ್ಮೆಯ ಜೊತೆ ಮಾತು, ಬಡ್ಡಿಯ ಲೆಕ್ಕಕ್ಕೆ ಬಂದ ನಿದ್ದೆ. ಕೇಳುತ್ತ ಕೇಳುತ್ತ ಹೆಂಡತಿಯ ನಗು ನಿಂತಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎದ್ದು ಹೋಗಿ ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಳು.

"ನಾ ಸೋತ್ನಿ," ಅಂದೆ.

"ಹೌದು, ನೀವು ಸೋತ್ರಿ," ಅಂದಳು. ಬೆಲ್ಲು ಒಮ್ಮೆ ಬಾರಿಸಿದಳು. "ಈ ಸೀಟ್ ಸ್ವಲ್ಪ ಕೆಳಗ ಮಾಡ್ರಿ. ನನ್ನ ಕಾಲ ಮುಟ್ಟೂದಿಲ್ಲ."

ನಾನು ಸ್ಪ್ಯಾನರು ಹುಡುಕಲು ಚೀಲಕ್ಕೆ ಕೈ ಹಾಕಿದೆ.

"ಮುಂದಿನ ಸಲ ನಾನೂ ಬರತೇನಿ. ಅಜ್ಜಿ ಜೋಡಿ ಮಾತಾಡಾಕ ಯಾರರ ಬೇಕಲ್ಲ. ನಾನು ಅಜ್ಜಿ ಟೆಂಟಿನಾಗ ಮಲಗತೇವಿ. ನೀವು ಮೂರೂ ಮಂದಿ ಮನ್ಯಾಗ ಮಂಚದ ಮ್ಯಾಲ ಮಲಗ್ರಿ. ನಿಮಗ ಅದು ರೂಢಿ ಆಗೇತಿ."